ಗುಳಿಗೆ ಪುಕ್ಕಟೆ, ಜ್ವರ ಪುಕ್ಕಟೆ ಅಲ್ಲ

ಮಲೇರಿಯಾ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆಯೂ ಕೊಡಬೇಕಾಗಿಲ್ಲ. ರಕ್ತ ಪರೀಕ್ಷೆ ಪುಕ್ಕಟೆ, ಗುಳಿಗೆ ಪುಕ್ಕಟೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಬೆರಳು ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಇದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಇಷ್ಟೆಲ್ಲ ಇದ್ದರೂ ನಮ್ಮ ಕಡೆ ಒಂದು ಕೂಲಿ ಮನೆಗೆ ಚಳಿಜ್ವರ ಬಂದು ಹೋದರೆ ಆ ಮನೆ ಸಾಲದಿಂದ ಮೇಲೇಳೋಕೆ ಮುಂದಿನ ಸುಗ್ಗಿ ಬರಬೇಕು. "ಫ್ರೀ ಇದ್ದ ಮೇಲೆ ಖರ್ಚು ಎಲ್ಲಿಂದ ಬಂತು?" ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕೇಳೋದು ತಪ್ಪಲ್ಲ. ಆದರೆ ಒಂದು ಮಾತಿನಲ್ಲಿ ಉತ್ತರ ಹೇಳೋಕಾಗಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮೂರು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನಲ್ಲಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಊರು. ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದಕ್ಕೂ ಮೊದಲು ಇಲ್ಲಿ ಜೋಳ, ಸಜ್ಜೆ, ತೊಗರಿ, ಮಳೆ ಬಂದರೆ ಬೆಳೆ ಇಲ್ಲದಿದ್ದರೆ ಇಲ್ಲ. ಕಾಲುವೆ ಬಂದ ಮೇಲೆ ನೆಲ್ಲು ಬಂತು, ಹತ್ತಿ ಜಾಸ್ತಿಯಾಯಿತು, ಜನರ ಕೈಯಲ್ಲಿ ರೊಕ್ಕ ಆಡಿತು. ಜೊತೆಗೆ ಚಳಿಜ್ವರಾನೂ ಬಂತು. ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಗಟಾರದ ಕೊಳಕು ನೀರು ಬೇಕಾಗಿಲ್ಲ. ಕಾಲುವೆಯಿಂದ ಬಸಿದು ನಿಂತ ತಿಳಿನೀರು, ನಾಟಿ ಮಾಡಿದ ಗದ್ದೆ, ಎಮ್ಮೆ ಕಾಲಿಟ್ಟ ಕುಳಿ, ಕಾಲುವೆ ನಿಲ್ಲಿಸಿದ ಮೇಲೆ ತಳದಲ್ಲಿ ಉಳಿಯುವ ಗುಂಡಿಗಳು, ಇಷ್ಟು ಸಾಕು. ಮಂಡ್ಯ ಕಡೆಯೂ 1930ರ ದಶಕದಲ್ಲಿ ಇರ್ವಿನ್ ನಾಲೆ ಹರಿದ ಮೇಲೆ ಇದೇ ಕಥೆ ಆಗಿತ್ತು.

ಈಗ ಮೊದಲಿನಷ್ಟು ಇಲ್ಲ, ಅದನ್ನೂ ಹೇಳಲೇಬೇಕು. ದೇಶದಲ್ಲಿ 1976ರ ಒಂದೇ ವರ್ಷ ಸುಮಾರು 64 ಲಕ್ಷ ಮಂದಿಗೆ ಮಲೇರಿಯಾ ಬಂದಿತ್ತು. ಕರ್ನಾಟಕದಲ್ಲೇ 2000ದ ಆಸುಪಾಸಿನಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೇಲೆ ದಾಖಲಾಗುತ್ತಿತ್ತು. ನಾನು ಶಾಲೆಗೆ ಹೋಗುತ್ತಿದ್ದ ಕಾಲ ಅದು. ಶ್ರಾವಣದಿಂದ ದೀಪಾವಳಿವರೆಗೆ ಮಾಸ್ತರು ಹಾಜರಿ ಕೂಗಿದರೆ ಯಾವುದಾದರೂ ಒಂದು ಹೆಸರಿಗೆ "ಅಂವಗ ಚಳಿಜ್ವರ ಬಂದಾವ್ರೀ ಸರ" ಅನ್ನೋ ಉತ್ತರ ಇದ್ದೇ ಇರುತ್ತಿತ್ತು. ಮನೆಮನೆಗೆ ಔಷಧ ಹೊಡೆದದ್ದು, ಔಷಧ ಲೇಪಿಸಿದ ಸೊಳ್ಳೆಪರದೆ, ಒಳ್ಳೆಯ ಗುಳಿಗೆ, ಸ್ಥಳದಲ್ಲೇ ಮಾಡುವ ರಕ್ತ ಪರೀಕ್ಷೆ, ಇವೆಲ್ಲ ಸೇರಿ ಈಗ ತುಂಬಾ ಇಳಿದಿದೆ. 2030ಕ್ಕೆ ಪೂರ್ತಿ ಹೋಗಲಾಡಿಸಬೇಕು ಅನ್ನೋದು ದೇಶದ ಗುರಿ. ನನಗೂ ಅದು ಆಗತ್ತೆ ಅಂತ ನಂಬಿಕೆ ಇದೆ. ಆದರೆ ಕಡಿಮೆಯಾದದ್ದರಿಂದಲೇ ಜನ ಮರೆತುಬಿಟ್ಟಿದ್ದಾರೆ. ಈಗ ಮೈ ಬಿಸಿಯಾದರೆ ಡೆಂಗಿ ಇರಬೇಕು, ಟೈಫಾಯ್ಡ್ ಇರಬೇಕು ಅನ್ನುತ್ತಾರೆ. ಚಳಿಜ್ವರ ಅಂತ ಹೊಳೆಯೋ ಹೊತ್ತಿಗೆ ಒಂದು ವಾರ ಕಳೆದಿರುತ್ತೆ.

ಇನ್ನೊಂದು ಬದಲಾವಣೆ ಅಂದ್ರೆ ಗುಳೆ. ನಮ್ಮ ಕಡೆಯ ಮಂದಿ ಕಟ್ಟಡ ಕೆಲಸಕ್ಕೆ ಬೆಂಗಳೂರು, ಗೋವಾ, ಮಂಗಳೂರು ಅಂತ ಹೋಗುತ್ತಾರೆ. ಮಂಗಳೂರಿನ ಮಲೇರಿಯಾ ಬೇರೆ ಥರದ್ದು. ಅಲ್ಲಿ ಸೊಳ್ಳೆ ಬೆಳೆಯೋದು ಓವರ್‌ಹೆಡ್ ಟ್ಯಾಂಕಿನಲ್ಲಿ, ಸಂಪಿನಲ್ಲಿ, ಸ್ಲ್ಯಾಬಿಗೆ ಕ್ಯೂರಿಂಗ್ ಮಾಡಲು ನಿಲ್ಲಿಸಿದ ನೀರಿನಲ್ಲಿ, ಲಿಫ್ಟಿನ ಗುಂಡಿಯಲ್ಲಿ. ಕೂಲಿಯವರು ಮಲಗೋದು ಅದೇ ಕಟ್ಟಡದೊಳಗೆ ಇಲ್ಲವೇ ಪಕ್ಕದ ತಗಡಿನ ಶೆಡ್ಡಿನಲ್ಲಿ. ಕಿಟಕಿ ಇರಲ್ಲ, ಪರದೆ ಇರಲ್ಲ. ರಾಜ್ಯದ ಮಲೇರಿಯಾದಲ್ಲಿ ಬಹುಪಾಲು ವರ್ಷಗಟ್ಟಲೆ ಆ ಕರಾವಳಿ ಭಾಗದಿಂದಲೇ ಬರುತ್ತಿತ್ತು, ಅದರಲ್ಲಿ ಕಟ್ಟಡ ಕೂಲಿಯವರು ತುಂಬಾ ಮಂದಿ. ಅವರು ಹಬ್ಬಕ್ಕೆ ಊರಿಗೆ ಬರುವಾಗ ಮೈಯೊಳಗೆ ಅದನ್ನೂ ತರುತ್ತಾರೆ. ನಮ್ಮೂರಲ್ಲಿ ಸೊಳ್ಳೆಗೇನು ಬರವೇ?

ನನಗೆ ಸಂಬಂಧದಲ್ಲಿ ಅಣ್ಣನಾಗಬೇಕಾದ ಒಬ್ಬನ ಮನೆಯ ಲೆಕ್ಕ ಹೇಳುತ್ತೇನೆ. ಗಂಡ, ಹೆಂಡತಿ, ಮುದುಕಿ ತಾಯಿ, ಮೂರು ಮಕ್ಕಳು. ಎರಡು ಎಕರೆ ಹೊಲ, ಅದೂ ಕಾಲುವೆಯ ಕೊನೆಯಲ್ಲಿ. ಅಣ್ಣ ಪಂಚಮಿ ಹಬ್ಬಕ್ಕೆ ಮಂಗಳೂರಿನಿಂದ ಬಂದ. ಹಬ್ಬ ಮುಗಿಸಿ ನೆಲ್ಲು ನಾಟಿ ಮಾಡಿ ವಾಪಸ್ ಹೋಗೋದು ಅಂತ ಲೆಕ್ಕ. ಬಂದ ಕೆಲವೇ ದಿನಕ್ಕೆ ಮಧ್ಯಾಹ್ನ ನಡುಕ ಶುರುವಾಯಿತು. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತಂತೆ. ಸಂಜೆಗೆ ಬೆವರು ಇಳಿದು ತಣ್ಣಗಾದ. ಮಾರನೇ ದಿನ ಏನೂ ಇಲ್ಲ! ಎದ್ದು ರೊಟ್ಟಿ ತಿಂದು ಗದ್ದೆಗೆ ಹೋದ, ಮಡಿ ಕಟ್ಟಿದ. ಅದರ ಮಾರನೇ ದಿನ ಮತ್ತೆ ಅದೇ ಹೊತ್ತಿಗೆ ನಡುಕ.

ದಿನ ಬಿಟ್ಟು ದಿನ ಬರೋದೇ ಇದರ ಗುಣ. ನಡುವಿನ ದಿನ ಮನುಷ್ಯ ಆರಾಮಾಗಿ ಕಾಣುತ್ತಾನೆ, ಅದೇ ಮೋಸ ಮಾಡೋದು. ಕೂಲಿ ಮಾಡುವವರಿಗೆ ಆ ದಿನ ಆಸ್ಪತ್ರೆಗೆ ಹೋಗುವ ದಿನ ಅಲ್ಲ, ಕಳೆದುಹೋದ ಕೆಲಸ ಹಿಡಿಯುವ ದಿನ. ಜ್ವರದ ದಿನ ಎದ್ದು ಹೋಗೋಕಾಗಲ್ಲ, ಜ್ವರ ಇಲ್ಲದ ದಿನ ಹೋಗೋಕೆ ಮನಸ್ಸು ಬರಲ್ಲ. ಹೀಗೆ ಒಂದು ವಾರ ಹೋಯಿತು.

ಆಮೇಲೆ ಹೋದದ್ದು ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ, ಅಂದರೆ ಡಾಕ್ಟರ್ ಡಿಗ್ರಿ ಇಲ್ಲದೆ ಊರಲ್ಲೇ ಔಷಧ ಕೊಡುವವರ ಹತ್ತಿರ. ಪ್ರಾಥಮಿಕ ಆರೋಗ್ಯ ಕೇಂದ್ರ ಬಿಟ್ಟು ಇಲ್ಲಿಗೆ ಯಾಕೆ ಹೋಗುತ್ತಾರೆ ಅನ್ನೋದು ಎಲ್ಲರ ಪ್ರಶ್ನೆ. ಓದಿದವರು ಅದಕ್ಕೆ "ತಿಳಿವಳಿಕೆ ಇಲ್ಲ" ಅಂದುಬಿಡುತ್ತಾರೆ. ನಾನು ಒಪ್ಪಲ್ಲ. ಅವರಿಗೆ ಚೆನ್ನಾಗಿ ತಿಳಿದಿದೆ. ಆರೋಗ್ಯ ಕೇಂದ್ರ ಪಕ್ಕದ ಊರಲ್ಲಿದೆ, ಟಂಟಂ (ಶೇರ್ ಆಟೋ) ತುಂಬೋವರೆಗೆ ಕಾಯಬೇಕು, ಹೋದರೆ ಸಾಲಿನಲ್ಲಿ ನಿಲ್ಲಬೇಕು. ರೋಗಿಯ ಜೊತೆ ಒಬ್ಬರು ಹೋಗಲೇಬೇಕು, ಅಂದರೆ ಎರಡು ಕೂಲಿ ಹೋದ ಹಾಗೆ. 2024–25ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 349 ರೂಪಾಯಿ ಇತ್ತು. ನಾಟಿ ಕಾಲದಲ್ಲಿ ಹೊಲದ ಕೂಲಿ ಎಷ್ಟೇ ಇರಲಿ, ಇಬ್ಬರದು ಸೇರಿ ಏಳೆಂಟು ನೂರು ಅಂತ ಹಿಡಿದರೂ ಪುಕ್ಕಟೆ ಪರೀಕ್ಷೆಗೆ ಆಗುವ ಖರ್ಚು ಅದು. ಆರ್‌ಎಂಪಿ ಡಾಕ್ಟರು ರಾತ್ರಿ ಒಂಬತ್ತಕ್ಕೂ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯ, ಉದ್ರಿ ಕೊಡುತ್ತಾರೆ. ಸುಗ್ಗಿಗೆ ಕೊಟ್ಟರಾಯಿತು ಅನ್ನುತ್ತಾರೆ. ಕೈಯಲ್ಲಿ ರೊಕ್ಕ ಇಲ್ಲದ ಮನೆಗೆ ಪುಕ್ಕಟೆ ಔಷಧಕ್ಕಿಂತ ಉದ್ರಿ ಔಷಧ ಹತ್ತಿರ. ಇದನ್ನು ಅರ್ಥ ಮಾಡಿಕೊಳ್ಳದೆ "ಸರ್ಕಾರಿ ಆಸ್ಪತ್ರೆಗೆ ಹೋಗಿ" ಅಂತ ಗೋಡೆ ಮೇಲೆ ಬರೆದರೆ ಏನೂ ಆಗಲ್ಲ.

ಅಲ್ಲಿ ಏನಾಯಿತು ಅಂದ್ರೆ, ಸಲೈನ್ ಬಾಟ್ಲಿ ಹಚ್ಚಿದರು. ಒಂದು ಸೂಜಿ, ಬಣ್ಣಬಣ್ಣದ ಗುಳಿಗೆ. ರಕ್ತ ಪರೀಕ್ಷೆ ಇಲ್ಲ. ಜ್ವರ ಇಳಿಯಿತು, ಮತ್ತೆ ಬಂತು. ಇನ್ನೊಂದು ಬಾಟ್ಲಿ. ಹೀಗೆ ಎರಡು ಸಾವಿರ ಹತ್ತಿರ ಉದ್ರಿ ಏರಿತು. ಅದೂ ಸಾಲದೆ ಶಹಾಪುರದ ಖಾಸಗಿ ಲ್ಯಾಬ್, ಅಲ್ಲಿ ಟೈಫಾಯ್ಡ್ ಪರೀಕ್ಷೆ, ಅದರ ಇನ್ನೊಂದು ಕೋರ್ಸ್ ಗುಳಿಗೆ. ಕೊನೆಗೆ ಅತ್ತಿಗೆ ಬಾವಿಯ ಹತ್ತಿರ ಆಶಾ ಕಾರ್ಯಕರ್ತೆಗೆ ಸುಮ್ನೆ ಮಾತಿಗೆ ಹೇಳಿದ್ದಕ್ಕೆ, ಅವರು ಅದೇ ಸಂಜೆ ಬಂದು ಬೆರಳು ಚುಚ್ಚಿದರು. ವೈವಾಕ್ಸ್ ಅನ್ನೋ ಥರದ ಮಲೇರಿಯಾ. ಆ ಒಂದು ಪರೀಕ್ಷೆಗೆ ಆಶಾಗೆ ಸಿಗೋದು 15 ರೂಪಾಯಿ. ಸಾವಿರಾರು ರೂಪಾಯಿ ಸುರಿದು ಸಿಗದ ಉತ್ತರ 15 ರೂಪಾಯಿಯ ಕೆಲಸದಲ್ಲಿ ಸಿಕ್ಕಿತು. ಆ ಹೆಣ್ಣುಮಗಳನ್ನು ನಾನು ತುಂಬಾ ಗೌರವಿಸುತ್ತೇನೆ, ಮಳೆಯಲ್ಲಿ ಕೆಸರು ತುಳಿದುಕೊಂಡು ಓಡಾಡುತ್ತಾರೆ, ಗೌರವಧನ ತಿಂಗಳುಗಟ್ಟಲೆ ತಡವಾದರೂ.

ಇನ್ನು ರೊಕ್ಕ ಎಲ್ಲಿಂದ ಬಂತು ಅನ್ನೋದು. ಇದಕ್ಕೊಂದು ಕ್ರಮ ಇದೆ, ನಮ್ಮೂರಿನ ಯಾವ ಮನೆಗೆ ಹೋಗಿ ಕೇಳಿದರೂ ಹೆಚ್ಚುಕಮ್ಮಿ ಇದೇ. ಮೊದಲು ಮನೆಯಲ್ಲಿ ಹೆಂಗಸರು ಬಚ್ಚಿಟ್ಟದ್ದು ಖಾಲಿಯಾಗುತ್ತೆ. ಆಮೇಲೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಉದ್ದವಾಗುತ್ತೆ, ಎಣ್ಣೆ ಅರ್ಧ ಕೆಜಿ ಬದಲು ಕಾಲು ಕೆಜಿ ಬರುತ್ತೆ, ಬೇಳೆ ನೀರಾಗುತ್ತೆ. ಜ್ವರದಿಂದ ಎದ್ದವನಿಗೆ ಚೆನ್ನಾಗಿ ತಿನ್ನಿಸಬೇಕಾದ ಹೊತ್ತಿನಲ್ಲೇ ಮನೆಯ ಊಟ ತೆಳ್ಳಗಾಗಿರುತ್ತೆ. ಅದಾದ ಮೇಲೆ ಆಡು ಮಾರೋದು. ಅತ್ತಿಗೆ ಮೂರು ಆಡು ಸಾಕಿದ್ದಳು. ಬಕ್ರೀದ್ ಮುಂದಿದ್ದಾಗ ಒಂದು ಹೋತಕ್ಕೆ ಒಳ್ಳೆಯ ರೇಟು ಬರುತ್ತೆ. ಆದರೆ ಜ್ವರ ಬಂದದ್ದು ಶ್ರಾವಣದಲ್ಲಿ. ಶ್ರಾವಣದಲ್ಲಿ ಅರ್ಧ ಊರು ಮಾಂಸ ಮುಟ್ಟಲ್ಲ, ಸಂತೆಯಲ್ಲಿ ಕೊಳ್ಳುವವರು ಕಡಿಮೆ. ವ್ಯಾಪಾರಿಗೂ ಗೊತ್ತು ಇವಳಿಗೆ ಇವತ್ತೇ ರೊಕ್ಕ ಬೇಕು ಅಂತ. ಕೇಳಿದ ರೇಟಿಗೆ ಕೊಟ್ಟು ಬಂದಳು. ಮಲೇರಿಯಾದ ಖರ್ಚು ಬರೆಯುವಾಗ ಈ ನಷ್ಟ ಯಾವ ಕಾಲಮ್ಮಿನಲ್ಲಿ ಬರುತ್ತೆ ಹೇಳಿ?

ಎತ್ತು ಮಾತ್ರ ಯಾರೂ ಮಾರಲ್ಲ. ಹೊಲದ ಮಾತು ಎತ್ತಲ್ಲ. ಅಷ್ಟಕ್ಕೆ ಬರಬಾರದು ಅಂತಲೇ ಉಳಿದೆಲ್ಲ ಸಾಲ. ಅತ್ತಿಗೆ ಸಂಘದಿಂದ ಹತ್ತು ಸಾವಿರ ತಂದಳು. ಮೈಕ್ರೋಫೈನಾನ್ಸಿನ ಒಂದು ಸಾಲ ಮೊದಲೇ ಇತ್ತು, ಅದರ ವಾರದ ಕಂತು ಜ್ವರ ಅಂತ ನಿಲ್ಲಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲದ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದದ್ದು ನೆನಪಿದೆಯಲ್ವಾ, ಆಗ ಟಿವಿಯಲ್ಲಿ ಎಲ್ಲರೂ ಕೇಳುತ್ತಿದ್ದರು ಈ ಜನ ಇಷ್ಟು ಸಾಲ ಯಾಕೆ ಮಾಡುತ್ತಾರೆ ಅಂತ. ಮದುವೆಗೆ, ಬೋರ್‌ವೆಲ್ಲಿಗೆ ಮಾಡುತ್ತಾರೆ ನಿಜ. ಹೀಗೆ ಸಣ್ಣಸಣ್ಣ ಕಾಯಿಲೆಗೂ ಮಾಡುತ್ತಾರೆ. ಒಂದು ಸಾಲದ ಕಂತು ಕಟ್ಟೋಕೆ ಇನ್ನೊಂದು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಕೊನೆಯ ಸಾಲ. ಅಣ್ಣ ಮಂಗಳೂರಿನ ಮೇಸ್ತ್ರಿಗೆ ಫೋನ್ ಮಾಡಿ ಮುಂಗಡ ತರಿಸಿಕೊಂಡ. ಮುಂಗಡ ತಗೊಂಡ ಮೇಲೆ ಆ ಮೇಸ್ತ್ರಿಯ ಕೈಕೆಳಗೇ ದುಡಿದು ತೀರಿಸಬೇಕು, ಬೇರೆ ಕಡೆ ಕೂಲಿ ಜಾಸ್ತಿ ಸಿಕ್ಕರೂ ಹೋಗುವಂತಿಲ್ಲ. ಅಂದರೆ ಜ್ವರ ಅಂಟಿಸಿಕೊಂಡ ಶೆಡ್ಡಿಗೇ ಜ್ವರದ ಸಾಲ ತೀರಿಸಲು ವಾಪಸ್. "ಮತ್ತ ಅಲ್ಲಿಗೇ ಹೋಗ್ತೀಯೇನಣ್ಣಾ?" ಅಂದೆ. "ರೊಕ್ಕ ತಿಂದೀನಲ್ಲೋ ತಮ್ಮಾ, ಹೋಗದ ಬಿಡ್ತಾರೇನು?" ಅಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನಾಟಿ ಏನಾಯಿತು? ಮೊದಲಾದರೆ ಇಂಥ ಹೊತ್ತಿಗೆ ಮುಯ್ಯಿ ಇತ್ತು. ನಿಮ್ಮ ಹೊಲಕ್ಕೆ ಇವತ್ತು ನಾವು, ನಮ್ಮ ಹೊಲಕ್ಕೆ ನಾಳೆ ನೀವು. ಜ್ವರ ಬಂದ ಮನೆಯ ಗದ್ದೆಯನ್ನು ಓಣಿಯ ಹೆಂಗಸರೆಲ್ಲ ಸೇರಿ ಒಂದೇ ದಿನದಲ್ಲಿ ಹಚ್ಚಿ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಜ್ವರ ಇಳಿದ ಮೇಲೆ ಆ ಮನೆಯವರು ಒಬ್ಬೊಬ್ಬರ ಹೊಲಕ್ಕೂ ಹೋಗಿ ತೀರಿಸುತ್ತಿದ್ದರು. ಅದರಲ್ಲಿ ಬಡ್ಡಿ ಇರಲಿಲ್ಲ. ಈಗ ಓಣಿಯ ಅರ್ಧ ಮನೆಗೆ ಬೀಗ, ಗುಳೆ ಹೋಗಿದ್ದಾರೆ. ಉಳಿದವರೂ ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ತಂಡ ಕಟ್ಟಿಕೊಂಡು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ಅವರಿಗೂ ಕಂತಿದೆ. ಹಾಗಾಗಿ ಅಣ್ಣನ ಗದ್ದೆಗೆ ಕೂಲಿ ಕೊಟ್ಟು ಆಳು ಹಚ್ಚಿಸಿದರು, ಅದೂ ತಡವಾಗಿ, ಸಸಿ ಬಲಿತ ಮೇಲೆ. ಇಳುವರಿ ಕಡಿಮೆ ಬಂತು.

ದೊಡ್ಡ ಮಗಳು ಒಂಬತ್ತನೇ ಕ್ಲಾಸು. ಅಪ್ಪನಿಗೆ ಜ್ವರ ಇದ್ದಾಗ ಮುದುಕಿಯನ್ನೂ ತಮ್ಮಂದಿರನ್ನೂ ನೋಡಿಕೊಳ್ಳೋಕೆ ಮನೆಯಲ್ಲಿ ಉಳಿದಳು, ಅವ್ವ ಕೂಲಿಗೆ ಹೋಗಬೇಕಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಹತ್ತಿ ಬಿಡಿಸೋ ಕಾಲ ಬಂತು. ಹತ್ತಿ ಬಿಡಿಸೋದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ, ಹುಡುಗಿಯರ ಕೈ ಬೇಗ ಓಡುತ್ತೆ. ಸಾಲ ಇದೆ ಅಂತ ಅವಳೂ ಹೋದಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಮಲೇರಿಯಾ ಅಂತ ಬರೆದಿರಲ್ಲ, ಅವಳಿಗೆ ಬಂದೇ ಇರಲಿಲ್ಲ. ಆದರೂ ಆ ಜ್ವರದ ಬೆಲೆ ಕಟ್ಟಿದ್ದು ಅವಳು. ಅವಳ ಟೀಚರು ಎರಡು ಸಲ ಮನೆಗೆ ಬಂದು ಹೇಳಿದ ಮೇಲೆ ಕ್ರಿಸ್ಮಸ್ ಹೊತ್ತಿಗೆ ಮತ್ತೆ ಶಾಲೆಗೆ ಹೋದಳು, ಅದೊಂದು ಸಮಾಧಾನ.

ಈಗ ಗುಳಿಗೆಯ ವಿಷಯ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ವೈವಾಕ್ಸ್ ಮಲೇರಿಯಾಕ್ಕೆ ಎರಡು ಥರದ ಗುಳಿಗೆ ಕೊಡುತ್ತಾರೆ. ಕ್ಲೋರೋಕ್ವಿನ್ ಮೂರು ದಿನ, ಪ್ರೈಮಾಕ್ವಿನ್ ಹದಿನಾಲ್ಕು ದಿನ. ಮೊದಲನೆಯದು ರಕ್ತದಲ್ಲಿರುವ ರೋಗಾಣು ಕೊಲ್ಲುತ್ತೆ, ಎರಡು ಮೂರು ದಿನಕ್ಕೆ ಜ್ವರ ಬಿಡುತ್ತೆ. ಆದರೆ ಈ ರೋಗಾಣು ಲಿವರ್‌ನಲ್ಲೂ ಅಡಗಿ ಕೂರುತ್ತೆ, ವಾರ, ತಿಂಗಳು ಸುಮ್ಮನಿದ್ದು ಮತ್ತೆ ಎದ್ದು ಬರುತ್ತೆ, ಆಗ ಹೊಸದಾಗಿ ಸೊಳ್ಳೆ ಕಚ್ಚಬೇಕಾಗೂ ಇಲ್ಲ. ಅಲ್ಲಿ ಅಡಗಿರೋದನ್ನು ಕೊಲ್ಲೋದು ಆ ಹದಿನಾಲ್ಕು ದಿನದ ಗುಳಿಗೆ. ಜ್ವರ ಬಿಟ್ಟ ಮೇಲೆ ಇನ್ನೂ ಹನ್ನೊಂದು ದಿನ ಯಾರು ನುಂಗುತ್ತಾರೆ? ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಬೇರೆ, ಬಿಸಿಲಲ್ಲಿ ಕೆಲಸ ಮಾಡೋರಿಗೆ ಅದು ಕಷ್ಟ. ಅಣ್ಣನ ಮನೆಗೆ ಹೋದಾಗ ಗೋಡೆಯ ಗೂಡಿನಲ್ಲಿ, ದೀಪದೆಣ್ಣೆ ಬಾಟ್ಲಿಯ ಹಿಂದೆ, ಅರ್ಧ ಉಳಿದ ಗುಳಿಗೆ ಸ್ಟ್ರಿಪ್ಪು ಕಂಡೆ. ಕೇಳಿದರೆ ಅತ್ತಿಗೆ, "ಇರ್ಲಿ ಬಿಡೋ, ಮತ್ತ್ಯಾರಿಗರ ಜ್ವರ ಬಂದ್ರ ಆಗ್ತದ" ಅಂದಳು. ಪುಕ್ಕಟೆ ಸಿಕ್ಕದ್ದನ್ನು ಹಾಳು ಮಾಡಬಾರದು, ಮುಂದಿನ ಕಷ್ಟಕ್ಕೆ ಎತ್ತಿಡಬೇಕು ಅನ್ನೋದು ಅವಳ ಬಾಳುವೆಯ ರೀತಿ. ಅದೇ ರೀತಿಯಿಂದ ಅವಳು ಮನೆ ನಡೆಸಿಕೊಂಡು ಬಂದಿದ್ದಾಳೆ. ಆದರೆ ಪ್ರೈಮಾಕ್ವಿನ್ ಬಸುರಿಯರಿಗೆ, ಕೂಸುಗಳಿಗೆ ಕೊಡುವಂತಿಲ್ಲ. ಕೆಲವರ ಮೈಗೆ ಅದು ಒಗ್ಗಲ್ಲ, ರಕ್ತ ಒಡೆಯುತ್ತೆ, ಮೂತ್ರ ಕಪ್ಪಾಗುತ್ತೆ. ಹಾಗಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಆಶಾ ಕಾರ್ಯಕರ್ತೆ ಬಂದು ಇದನ್ನೆಲ್ಲ ಕೂತು ಹೇಳಿದ ಮೇಲೆ ಅತ್ತಿಗೆ ಆ ಸ್ಟ್ರಿಪ್ಪು ತೆಗೆದುಕೊಟ್ಟಳು. ಅಷ್ಟರಲ್ಲಿ ಅಣ್ಣನಿಗೆ ದೀಪಾವಳಿ ಮುಂದೆ ಜ್ವರ ಮತ್ತೊಂದು ಸುತ್ತು ಬಂದಾಗಿತ್ತು, ಮತ್ತೆ ಮೊದಲಿನಿಂದ ಗುಳಿಗೆ. ಈ ಸಲ ದಿನಾ ಊಟ ಆದ ಮೇಲೆ ಎದುರು ನಿಂತು ನುಂಗಿಸಿದಳು, ಹದಿನಾಲ್ಕೂ.

ಪರದೆ ಬಗ್ಗೆಯೂ ಒಂದು ಮಾತು. ಸರ್ಕಾರ ಕೊಟ್ಟ ಪರದೆಗಳು ಒಳ್ಳೆಯವೇ. ಆದರೆ ನಮ್ಮ ಸೆಕೆಗೆ ಮಂದಿ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗುತ್ತಾರೆ. ಅಲ್ಲಿ ಪರದೆ ಕಟ್ಟೋಕೆ ಗೂಟ ಇಲ್ಲ. ಹೊರಸಿನ ನಾಲ್ಕು ಕಾಲಿಗೆ ಬಿದಿರು ಕೋಲು ಕಟ್ಟಿಕೊಟ್ಟರೆ ಎಲ್ಲರೂ ಬಳಸುತ್ತಾರೆ, ನಮ್ಮ ಓಣಿಯಲ್ಲಿ ಕೆಲವು ಹುಡುಗರು ಹೀಗೆ ಮಾಡಿಕೊಟ್ಟ ಮೇಲೆ ನಾನೇ ನೋಡಿದ್ದೇನೆ. ಎಷ್ಟು ಪರದೆ ಹಂಚಿದಿರಿ ಅಂತ ಮಾತ್ರ ಕೇಳಬೇಡಿ, ಎಲ್ಲಿ ಮಲಗುತ್ತೀರಿ ಅಂತಲೂ ಕೇಳಿ.

ನನ್ನ ಕೇಳಿಕೆ ದೊಡ್ಡದೇನಲ್ಲ. ಶ್ರಾವಣದಿಂದ ಕಾರ್ತಿಕದವರೆಗೆ ಕಾಲುವೆ ಊರುಗಳಲ್ಲಿ ಸಂಜೆ ಹೊತ್ತು ರಕ್ತ ಪರೀಕ್ಷೆ ಸಿಗಲಿ, ಕೂಲಿ ಮುಗಿಸಿ ಬಂದ ಮೇಲೆ. ಆರ್‌ಎಂಪಿ ಡಾಕ್ಟರನ್ನು ಓಡಿಸೋ ಬದಲು, ಜ್ವರದವರು ಬಂದರೆ ಆಶಾಗೆ ಒಂದು ಫೋನ್ ಮಾಡಿ ಅಂತ ಅವರಿಗೆ ಹೇಳಲಿ, ಊರಿನ ಜ್ವರ ಮೊದಲು ತಿಳಿಯೋದು ಅವರಿಗೇ. ಇನ್ನು ಕಟ್ಟಡ ಕೂಲಿಯವರಿಗೆ ಕಲ್ಯಾಣ ಮಂಡಳಿ ಇದೆ, ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್ ಅದಕ್ಕೇ ಹೋಗುತ್ತೆ. ನೋಂದಾಯಿಸಿದವರು ಆಸ್ಪತ್ರೆಗೆ ದಾಖಲಾದರೆ ಸಹಾಯಧನವೂ ಇದೆ. ಆದರೆ ಕಾರ್ಡ್ ಮಾಡಿಸೋಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಆ ಚೀಟಿ ಬರೆದುಕೊಡೋಕೆ ಮೇಸ್ತ್ರಿಗಳು ಹಿಂದೆಮುಂದೆ ನೋಡುತ್ತಾರೆ. ಮಾಡಿಸಿದರೂ ಮನೆಯಲ್ಲೇ ಮಲಗಿ ನರಳಿದ ದಿನಗಳ ಕೂಲಿ ಯಾರೂ ಕೊಡಲ್ಲ. ಮಲೇರಿಯಾದ ಖರ್ಚಿನಲ್ಲಿ ದೊಡ್ಡ ಪಾಲು ಅದೇ.

ಅಣ್ಣ ಈಗ ಮಂಗಳೂರಿನಲ್ಲಿದ್ದಾನೆ. ಹೋಗುವಾಗ ಪರದೆ ಕೊಟ್ಟು ಕಳಿಸಿದ್ದೇವೆ, ಲೇಬರ್ ಕಾರ್ಡಿನ ಅರ್ಜಿ ನಾನೇ ತುಂಬಿಕೊಟ್ಟಿದ್ದೇನೆ, ಮೇಸ್ತ್ರಿಯ ಸಹಿ ಆಗಬೇಕು. ಈ ಬರಹ ಓದುತ್ತಿರುವ ಕರಾವಳಿಯ ಎಂಜಿನಿಯರ್‌ಗಳು, ಮನೆ ಕಟ್ಟಿಸುತ್ತಿರುವವರು ಯಾರಾದರೂ ಇದ್ದರೆ, ನಿಮ್ಮ ಸೈಟಿನಲ್ಲಿ ಮಲಗುವ ನಮ್ಮ ಕಡೆಯ ಹುಡುಗರಿಗೆ ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಆ ದಿನಗಳ ಕೂಲಿ ಹಿಡಿಯಬೇಡಿ, ವಾರಕ್ಕೊಮ್ಮೆ ಸಂಪು, ಡ್ರಮ್ಮು ಬರಿದು ಮಾಡಿಸಿ. ಹಬ್ಬಕ್ಕೆ ಊರಿಗೆ ಹೊರಟವರ ಗುಳಿಗೆ ಇನ್ನೂ ಮುಗಿದಿಲ್ಲ ಅಂದ್ರೆ ಉಳಿದ ಗುಳಿಗೆಯ ಸ್ಟ್ರಿಪ್ಪನ್ನು ಅವರ ಚೀಲಕ್ಕೆ ಹಾಕಿ, ಊರಿನ ಆಶಾ ಕಾರ್ಯಕರ್ತೆಗೆ ತೋರಿಸು ಅಂತ ಹೇಳಿ ಕಳಿಸಿ.